ಪೊರೆಯೊಳಗಿನ ಪೇಟೆಗಳು



ನಮ್ಮ ಅಜ್ಜನಿಗೆ ಉಬ್ಬಸವಿತ್ತು. ಮಲೆನಾಡಿನ ಮಳೆ ಹಿಡಿದರೆ ಸಾಕು, ರಾತ್ರಿ ಎರಡೂವರೆಗೋ ಮೂರಕ್ಕೋ ಅವರ ಎದೆಯೊಳಗೆ ಸಿಳ್ಳು ಶುರುವಾಗುತ್ತಿತ್ತು. ಮಂಚದ ಅಂಚಿಗೆ ಬಂದು, ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಭುಜ ಎತ್ತಿಕೊಂಡು ಕೂರುವರು. ಅಜ್ಜಿ ಎದ್ದು ಒಲೆ ಹಚ್ಚಿ, ಹಾಲು ಬೆಲ್ಲ ಯಾವುದೂ ಇಲ್ಲದ ಗಟ್ಟಿ ಡಿಕಾಕ್ಷನ್ ಇಳಿಸಿ ಕೊಡುವರು. ಅಜ್ಜಿಗೆ ಹೇಳಿಕೊಟ್ಟವರು ಯಾರೋ ಕಾಣೆ. 1860ರಲ್ಲಿ ಲಂಡನ್ನಿನ ಹೆನ್ರಿ ಹೈಡ್ ಸಾಲ್ಟರ್ ಎಂಬ ವೈದ್ಯರು ಉಬ್ಬಸದ ಮೇಲೆ ಬರೆದ ದೊಡ್ಡ ಪುಸ್ತಕದಲ್ಲೂ ಗಟ್ಟಿ ಕಾಫಿಯ ಚಿಕಿತ್ಸೆ ಇದೆ. ಸಾಲ್ಟರ್ ಕೂಡ ಉಬ್ಬಸದ ರೋಗಿಯೇ.

ಆಮೇಲೆ ಮನೆಗೆ ಉಬ್ಬಸದ ಮದ್ದಿನ ಪಂಪ್ ಬಂತು. ಎರಡು ಸಲ ಒತ್ತಿ ಎಳೆದುಕೊಂಡರೆ ಹತ್ತು ನಿಮಿಷದಲ್ಲಿ ಅಜ್ಜನ ಭುಜ ಕೆಳಗಿಳಿಯುತ್ತಿತ್ತು. ನಾನು ಆಗಷ್ಟೇ ಮೆಡಿಕಲ್ ಕಾಲೇಜು ಸೇರಿದ್ದೆ. ಒಂದು ರಾತ್ರಿ, ಉಸಿರು ಹದಕ್ಕೆ ಬಂದ ಮೇಲೆ ಅಜ್ಜ ಕೇಳಿದರು: "ಅಲ್ಲವೋ, ಈ ಮದ್ದು ಎಲ್ಲಿಗೆ ಹೋಯ್ತು?"

"ಶ್ವಾಸಕೋಶಕ್ಕೆ ಅಜ್ಜ."

"ಅದು ನನಗೂ ಗೊತ್ತು ಮಾರಾಯ. ಶ್ವಾಸಕೋಶದಲ್ಲಿ ಎಲ್ಲಿಗೆ?"

ಸ್ನಾಯುವಿಗೆ ಅಂದೆ. ಸ್ನಾಯುವಿನಲ್ಲಿ ಎಲ್ಲಿಗೆ ಅಂದರು. ಜೀವಕೋಶದ ಮೈಮೇಲಿನ ಪೊರೆಗೆ ಅಂದೆ. ಪೊರೆಯಲ್ಲಿ ಎಲ್ಲಿಗೆ ಎಂದು ಕೇಳಿದಾಗ ನನಗೆ ಸಿಟ್ಟು ಬಂತು. ಪೊರೆ ಅಂದರೆ ಪೊರೆ. ಅದರಲ್ಲಿ ಮೂಡಣ ಪಡುವಣ ಇದೆಯೇ? ನಿದ್ದೆ ಬರುತ್ತಿದೆ ಎಂದು ಹೇಳಿ ಎದ್ದು ಹೋದೆ. ಅಜ್ಜನ ಆ ಕೊನೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆ ಎಂದು ತಿಳಿಯಲು ನನಗೆ ವರ್ಷಗಳು ಬೇಕಾದವು. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಸ್ನಾಯು. ಗಂಟಲಿನಿಂದ ಕೆಳಗಿಳಿದ ಶ್ವಾಸನಾಳ ಕವಲೊಡೆಯುತ್ತ, ಕವಲಿಗೆ ಮರಿಗವಲು ಬರುತ್ತ, ಸುಮಾರು 23 ಸಲ ಇಬ್ಭಾಗವಾಗಿ ಗಾಳಿಯ ಚೀಲಗಳನ್ನು ಮುಟ್ಟುತ್ತದೆ. ದೊಡ್ಡ ಕೊಳವೆಗಳಿಗೆ ಮೃದ್ವಸ್ಥಿಯ ಬಳೆಗಳ ಆಸರೆ ಇದೆ, ಸಣ್ಣವಕ್ಕೆ ಇಲ್ಲ. ಈ ಕೊಳವೆಗಳ ಸುತ್ತ, ನಮ್ಮ ಇಚ್ಛೆಗೆ ಒಳಪಡದ ನುಣುಪು ಸ್ನಾಯುವಿನ ಎಳೆಗಳು ಸುತ್ತಿಕೊಂಡಿವೆ. ಸ್ಟ್ರಾಸ್‌ಬರ್ಗಿನ ಫ್ರಾಂಜ್ ಡೇನಿಯಲ್ ರೈಸೈಸೆನ್ 19ನೇ ಶತಮಾನದ ಆರಂಭದಲ್ಲಿ ಇವನ್ನು ವಿವರವಾಗಿ ಬಣ್ಣಿಸಿದ್ದರಿಂದ ಹಳೆಯ ಪುಸ್ತಕಗಳು ಇದನ್ನು ರೈಸೈಸೆನ್ ಸ್ನಾಯು ಎಂದೇ ಕರೆಯುತ್ತಿದ್ದವು. ಈ ಎಳೆಗಳು ಬಿಗಿದುಕೊಂಡರೆ ಕೊಳವೆ ಕಿರಿದಾಗುತ್ತದೆ. ಇಲ್ಲೊಂದು ಕ್ರೂರ ಲೆಕ್ಕವಿದೆ. ಗಾಳಿ ಸರಾಗವಾಗಿ ಹರಿಯುವ ಕೊಳವೆಯ ವ್ಯಾಸ ಅರ್ಧಕ್ಕೆ ಇಳಿದರೆ, ಹರಿವಿಗೆ ಬರುವ ತಡೆ ದುಪ್ಪಟ್ಟಾಗುತ್ತದೆ ಎಂದುಕೊಳ್ಳುತ್ತೇವೆ. ಆಗುವುದು 16 ಪಟ್ಟು. ಸ್ನಾಯು ಒಂದಿಷ್ಟು ಹೆಚ್ಚು ಬಿಗಿದರೆ ಅಜ್ಜ ಮಂಚದ ಅಂಚಿಗೆ ಬರುತ್ತಿದ್ದದ್ದು ಈ ಲೆಕ್ಕದಿಂದ.

ಈ ಸ್ನಾಯುವಿಗೆ ಎರಡು ಆಜ್ಞೆಗಳು ಬರುತ್ತವೆ. ಬಿಗಿದುಕೋ ಎನ್ನುವುದು ವೇಗಸ್ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ರೂಪದಲ್ಲಿ ಬರುತ್ತದೆ. ಸಡಿಲಾಗು ಎನ್ನುವುದು ರಕ್ತದಲ್ಲಿ ತೇಲಿಬರುವ ಅಡ್ರಿನಲಿನ್. ನಮ್ಮ ಹಿತ್ತಿಲ ಉಮ್ಮತ್ತಿ ಗಿಡಕ್ಕೆ ಮೊದಲನೆಯ ಆಜ್ಞೆಯನ್ನು ತಡೆಯುವ ಗುಣವಿದೆ. ಅದರೊಳಗಿನ ಅಟ್ರೋಪಿನ್ ಜಾತಿಯ ವಸ್ತು ಅಸಿಟೈಲ್‌ಕೋಲಿನ್ನಿಗೆ ಜಾಗ ಬಿಡುವುದಿಲ್ಲ. ಉಮ್ಮತ್ತಿಯ ಹೊಗೆ ಸೇದುವ ಪದ್ಧತಿ ಮದರಾಸಿನಿಂದ 1802ರಲ್ಲಿ ಬ್ರಿಟನ್ನಿಗೆ ಹೋಗಿ, ಅಲ್ಲಿ ಬಹುಕಾಲ ಉಬ್ಬಸದ ಸಿಗರೇಟುಗಳಾಗಿ ಮಾರಾಟವಾಯಿತು. ಗಿಡ ವಿಷದ್ದು, ಯಾರೂ ಪ್ರಯೋಗ ಮಾಡಲು ಹೋಗಬೇಡಿ. ಇವತ್ತು ಟಯೋಟ್ರೋಪಿಯಂ ಎಂಬ ಹೆಸರಿನಲ್ಲಿ ಅದರ ದೂರದ ನೆಂಟ ಸುರಕ್ಷಿತವಾಗಿ ಅದೇ ಕೆಲಸ ಮಾಡುತ್ತದೆ.

ನಮ್ಮ ಕಾಲದ ವಿದ್ಯಾರ್ಥಿಗಳು ಈ ಎರಡು ಆಜ್ಞೆಗಳನ್ನು ಕಣ್ಣಾರೆ ಕಂಡವರು. ಗಿನಿಯಿಲಿಯ ಶ್ವಾಸನಾಳವನ್ನು ಉಂಗುರಗಳಾಗಿ ಕತ್ತರಿಸಿ, ದಾರದಿಂದ ಸರದಂತೆ ಪೋಣಿಸಿ, ಬೆಚ್ಚನೆಯ ಉಪ್ಪುನೀರಿನಲ್ಲಿ ಇಳಿಬಿಟ್ಟು, ಹೊಗೆಮಸಿ ಬಳಿದ ಕಾಗದ ಸುತ್ತಿದ ಡ್ರಮ್ಮಿನ ಮೇಲೆ ಗೆರೆ ಎಳೆಸುತ್ತಿದ್ದೆವು. ಅಸಿಟೈಲ್‌ಕೋಲಿನ್ ಹನಿಸಿದರೆ ಗೆರೆ ಏರುತ್ತಿತ್ತು, ಅಡ್ರಿನಲಿನ್ ಹನಿಸಿದರೆ ಇಳಿಯುತ್ತಿತ್ತು. ಮನೆಗೆ ಹೋಗುವಾಗ ಅಂಗಿಯ ತೋಳೆಲ್ಲ ಮಸಿ. ಆ ಪ್ರಯೋಗ ಕಲಿಸುತ್ತಿದ್ದ ಪಾಠ ಒಂದೇ: ಎಷ್ಟು ಹನಿ ಹಾಕಿದೆ, ಗೆರೆ ಎಷ್ಟು ಏರಿತು. ಎಲ್ಲಿ ಎಂಬ ಪ್ರಶ್ನೆಯನ್ನು ಆ ಡ್ರಮ್ಮು ಕೇಳುತ್ತಲೇ ಇರಲಿಲ್ಲ.

ಅಡ್ರಿನಲಿನ್ ಆಗಲಿ, ಅದನ್ನು ಅನುಸರಿಸಿ ಮಾಡಿದ ಸಾಲ್ಬುಟಮಾಲ್ ಎಂಬ ಪಂಪಿನ ಮದ್ದಾಗಲಿ, ತನ್ನ ಕೆಲಸಕ್ಕಾಗಿ ಸ್ನಾಯುಕೋಶದ ಒಳಕೋಣೆಗೆ ಹೋಗಬೇಕಾಗಿಲ್ಲ. ಪೊರೆಯಲ್ಲಿ ನಾಟಿಕೊಂಡಿರುವ ಬೀಟಾ-2 ಗ್ರಾಹಕ ಎಂಬ ಪ್ರೋಟೀನನ್ನು ಹೊರಗಿನಿಂದಲೇ ಮುಟ್ಟುತ್ತದೆ. ಕನ್ನಡದಲ್ಲಿ ಗ್ರಾಹಕ ಎಂದರೆ ಅಂಗಡಿಗೆ ಬಂದವನೂ ಹೌದಲ್ಲ, ಇಲ್ಲಿ ಗ್ರಾಹಕ ಕೂತಲ್ಲೇ ಕೂತಿರುತ್ತಾನೆ, ಸರಕು ಹುಡುಕಿಕೊಂಡು ಬರುತ್ತದೆ. ಮುಟ್ಟಿಸಿಕೊಂಡ ಗ್ರಾಹಕ ತನ್ನ ಆಕಾರವನ್ನು ಚೂರು ಬದಲಿಸುತ್ತದೆ. ಅದರ ಒಳತುದಿಗೆ ಅಂಟಿದ ಜಿ-ಪ್ರೋಟೀನು ಎಚ್ಚರಗೊಂಡು, ಪೊರೆಯಲ್ಲೇ ಇರುವ ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ತಟ್ಟುತ್ತದೆ. ಆ ಕಿಣ್ವ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವನ್ನು ತಯಾರಿಸುತ್ತದೆ. ಆ ಅಣು ಒಳಗಿನ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ, ಕ್ಯಾಲ್ಸಿಯಂ ತಗ್ಗುತ್ತದೆ, ಸ್ನಾಯು ಸಡಿಲಾಗುತ್ತದೆ. ಈ ಒಂದು ಸರಪಳಿಯ ಬೇರೆ ಬೇರೆ ಕೊಂಡಿಗಳಿಗೆ 1971, 1992, 1994 ಮತ್ತು 2012ರಲ್ಲಿ, ಒಟ್ಟು ನಾಲ್ಕು ಸಲ ನೊಬೆಲ್ ಬಂದಿದೆ. ಕೊನೆಯದು, ಈ ಜಾತಿಯ ಗ್ರಾಹಕಗಳನ್ನು ಜೀವಮಾನವಿಡೀ ಬೆನ್ನಟ್ಟಿದ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಅವರ ಶಿಷ್ಯ ಬ್ರಯಾನ್ ಕೊಬಿಲ್ಕಾ ಅವರಿಗೆ.

ಪುಸ್ತಕದಲ್ಲಿ ಈ ಸರಪಳಿಯ ಚಿತ್ರ ಬರೆಯುವಾಗ ಪೊರೆಯನ್ನು ಎರಡು ಸಮಾನಾಂತರ ಗೆರೆಗಳಲ್ಲಿ ಮುಗಿಸುತ್ತಿದ್ದರು. ತಪ್ಪು ಅಲ್ಲಿಂದಲೇ ಶುರು.

ಪೊರೆ ಎಂದರೆ ಕೊಬ್ಬಿನ ಎರಡು ಪದರ. ಇದನ್ನು 1925ರಲ್ಲಿ ನೆದರ್ಲೆಂಡ್ಸಿನ ಗೋರ್ಟರ್ ಮತ್ತು ಗ್ರೆಂಡೆಲ್ ಕಂಡುಕೊಂಡರು. ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿದಾಗ ಅದು ಕಣಗಳ ಮೈಯ ಎರಡರಷ್ಟು ಜಾಗ ಆವರಿಸಿತು. ತಮಾಷೆ ಏನೆಂದರೆ, ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಅಳೆದಿದ್ದರು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಬಂತು. ಪರೀಕ್ಷೆಯಲ್ಲಿ ನಮಗೂ ಹಾಗಾದದ್ದುಂಟು, ನೊಬೆಲ್ ಬರಲಿಲ್ಲ. ಅವರಿಗೂ ಬರಲಿಲ್ಲ ಅನ್ನಿ. 1972ರಲ್ಲಿ ಅಮೆರಿಕದ ಸಿಂಗರ್ ಮತ್ತು ನಿಕೋಲ್ಸನ್ ಈ ಎರಡು ಪದರದ ಕೊಬ್ಬು ಎಣ್ಣೆಯ ಹಾಗೆ ಹರಿದಾಡುತ್ತದೆ, ಪ್ರೋಟೀನುಗಳು ಅದರಲ್ಲಿ ತೇಲಾಡುತ್ತವೆ ಎಂದು ತೋರಿಸಿಕೊಟ್ಟರು. ನಾನು ಕಲಿತದ್ದು ಇದನ್ನೇ. ಬರೀ 5 ನ್ಯಾನೋಮೀಟರ್ ದಪ್ಪದ ಎಣ್ಣೆಯ ಕೆರೆ, ಅದರ ಮೇಲೆ ಎಲ್ಲೆಂದರಲ್ಲಿ ತೇಲುವ ಗ್ರಾಹಕಗಳು. ಯಾವ ಗ್ರಾಹಕ ಎಲ್ಲಿದ್ದರೇನು, ಸೈಕ್ಲಿಕ್ ಎಎಂಪಿ ಹುಟ್ಟಿದರೆ ಕೋಶದ ತುಂಬ ಹರಡಿಕೊಳ್ಳುತ್ತದೆ, ಅಷ್ಟೆ.

ಹಾಗಿದ್ದರೆ ಒಂದು ಒಗಟು ಬಿಡಿಸಿ. ಸುಮಾರು 1980ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬ್ರಂಟನ್ ಮತ್ತು ಸಂಗಡಿಗರು ಹೃದಯದ ಸ್ನಾಯುವಿಗೆ ಎರಡು ಬೇರೆ ಬೇರೆ ಮದ್ದು ಕೊಟ್ಟರು. ಒಂದು ಅಡ್ರಿನಲಿನ್ ಜಾತಿಯದು, ಇನ್ನೊಂದು ಪ್ರೊಸ್ಟಾಗ್ಲಾಂಡಿನ್. ಎರಡೂ ಸೈಕ್ಲಿಕ್ ಎಎಂಪಿಯನ್ನು ಏರಿಸಿದವು. ಆದರೆ ಹೃದಯ ಜೋರಾಗಿ ಬಡಿದದ್ದು ಮೊದಲನೆಯದಕ್ಕೆ ಮಾತ್ರ. ಅದೇ ಅಣು, ಅದೇ ಕೋಶ, ಫಲ ಬೇರೆ. ಎಣ್ಣೆಯ ಕೆರೆಯ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ.

ಉತ್ತರಕ್ಕೆ ಬೆಂಗಳೂರಿನ ಹಳೆಯ ಪೇಟೆಗೆ ಬನ್ನಿ. ಮೇಲಿನಿಂದ ನೋಡಿದರೆ ಜನಜಂಗುಳಿ, ಯಾರು ಎಲ್ಲಿಗೆ ನುಗ್ಗುತ್ತಿದ್ದಾರೋ ತಿಳಿಯದು. ಸಿಂಗರ್ ಮತ್ತು ನಿಕೋಲ್ಸನ್ ಕಂಡದ್ದು ಈ ಜಂಗುಳಿಯನ್ನು. ಒಳಗೆ ಇಳಿದವರಿಗೆ ಗೊತ್ತು: ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಹತ್ತಿಗೆ ಅರಳೇಪೇಟೆ, ಮಡಕೆಗೆ ಕುಂಬಾರಪೇಟೆ. ಹೆಸರು ಹುಟ್ಟಿದ್ದು ಹಾಗೆ. ಒಂದು ಕಸುಬಿಗೆ ಬೇಕಾದವರೆಲ್ಲ, ಸಗಟು ವ್ಯಾಪಾರಿಯಿಂದ ಹಮಾಲಿಯವರೆಗೆ, ಒಂದೇ ಬೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡಿದ್ದರು. ಆದ್ದರಿಂದ ಬೆಲೆ ಏರಿತು ಎಂಬ ಸುದ್ದಿ ಅಕ್ಕಿಪೇಟೆಯಲ್ಲಿ ಹುಟ್ಟಿದರೆ ಆಗುವುದೇ ಬೇರೆ, ಬಳೇಪೇಟೆಯಲ್ಲಿ ಹುಟ್ಟಿದರೆ ಆಗುವುದೇ ಬೇರೆ. ಕೋಶದ ಪೊರೆಯಲ್ಲೂ ಪೇಟೆಗಳಿವೆ.

ಪೇಟೆ ಕಟ್ಟುವ ಸಾಮಗ್ರಿ ಕೊಲೆಸ್ಟರಾಲ್. ಚಳಿಗಾಲದ ಬೆಳಿಗ್ಗೆ ತುಪ್ಪದ ಭರಣಿಯನ್ನು ನೆನಪಿಸಿಕೊಳ್ಳಿ. ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ನೀರೂ ಅಲ್ಲ, ತೆಳು ತುಪ್ಪದ ನಡುವೆ ಮರಳು ಮರಳಾದ ಹರಳು. ಒಂದೇ ಭರಣಿಯಲ್ಲಿ ನೆಟ್ಟಗಿನ ಕೊಬ್ಬಿನ ಅಣುಗಳು ಒತ್ತಾಗಿ ಕೂಡಿಕೊಂಡಿವೆ, ಬಳುಕುವವು ಹೊರಗೆ ಹರಿದಾಡುತ್ತಿವೆ. ಪೊರೆಯಲ್ಲಿ ಸ್ಫಿಂಗೋಲಿಪಿಡ್ ಎಂಬ ನೆಟ್ಟಗಿನ ಕೊಬ್ಬು ಮತ್ತು ಕೊಲೆಸ್ಟರಾಲ್ ಹೀಗೆ ಗುಂಪುಗೂಡುತ್ತವೆ. ಇವು ಪೊರೆಯ ಮೇಲೆ ತೇಲುವ ತೆಪ್ಪಗಳು ಎಂದು ಕೈ ಸೈಮನ್ಸ್ ಮತ್ತು ಎಲಿನಾ ಇಕೋನೆನ್ 1997ರಲ್ಲಿ ಬರೆದರು. ಕೆಲವು ಪ್ರೋಟೀನುಗಳು ತೆಪ್ಪ ಹತ್ತುತ್ತವೆ, ಕೆಲವು ಹತ್ತುವುದಿಲ್ಲ.

ವಿಜ್ಞಾನಿಗಳು ಸುಮ್ಮನೆ ಒಪ್ಪಿದರು ಎಂದುಕೊಳ್ಳಬೇಡಿ. ತೆಪ್ಪಗಳನ್ನು ಬೇರ್ಪಡಿಸುವ ಆಗಿನ ವಿಧಾನವೆಂದರೆ ಕೋಶಗಳನ್ನು ಮಂಜುಗಡ್ಡೆಯ ತಂಪಿನಲ್ಲಿ ಸೋಪಿನಂಥ ಮಾರ್ಜಕದಿಂದ ಕರಗಿಸಿ, ಕರಗದೆ ಉಳಿದದ್ದನ್ನು ಸಕ್ಕರೆ ದ್ರಾವಣದಲ್ಲಿ ಗಿರಗಿರ ತಿರುಗಿಸಿ ತೇಲಿಸುವುದು, ಮೊಸರು ಕಡೆದು ಬೆಣ್ಣೆ ತೇಲಿಸಿದ ಹಾಗೆ. ಟೀಕಾಕಾರರು ಕೇಳಿದರು: ಫ್ರಿಜ್ಜಿನಲ್ಲಿಟ್ಟ ತುಪ್ಪ ಹರಳುಗಟ್ಟಿತು ಎಂದ ಮಾತ್ರಕ್ಕೆ ಒಲೆಯ ಮೇಲಿದ್ದಾಗಲೂ ಹರಳಿತ್ತು ಎನ್ನಲಾದೀತೇ? ನ್ಯಾಯವಾದ ಪ್ರಶ್ನೆ. 2003ರಲ್ಲಿ ಸೀನ್ ಮನ್ರೊ ಇದನ್ನೇ ಒಂದು ಲೇಖನವಾಗಿ ಬರೆದು, ತೆಪ್ಪಗಳು ಕೈಗೆ ಸಿಗದವೋ ಅಥವಾ ಬರೀ ಭ್ರಮೆಯೋ ಎಂದು ಶೀರ್ಷಿಕೆಯಲ್ಲೇ ಕುಟುಕಿದರು.

ಜೀವಂತ ಕೋಶದಲ್ಲಿ, ತಂಪು ಸೋಪು ಎರಡೂ ಇಲ್ಲದೆ, ಈ ಗುಂಪುಗಾರಿಕೆಯನ್ನು ತೋರಿಸಿದ ಮೊದಲಿಗರಲ್ಲಿ ನಮ್ಮ ಬೆಂಗಳೂರಿನವರು ಇದ್ದಾರೆ. ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ರಜತ್ ವರ್ಮ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ ಒಂದು ಜಾಣ ಉಪಾಯ ಹೂಡಿದರು. ಪೊರೆಯ ಹೊರಮೈಗೆ ಅಂಟಿಕೊಂಡ ಒಂದು ಬಗೆಯ ಪ್ರೋಟೀನಿಗೆ ಹೊಳೆಯುವ ಬಣ್ಣ ಕಟ್ಟಿದರು. ಎರಡು ಬಣ್ಣದ ಅಣುಗಳು ತೀರ ಹತ್ತಿರವಿದ್ದರೆ ಒಂದು ಹೀರಿದ ಬೆಳಕಿನ ಶಕ್ತಿ ಇನ್ನೊಂದಕ್ಕೆ ಜಿಗಿಯುತ್ತದೆ, ಹೊರಬರುವ ಬೆಳಕಿನ ದಿಕ್ಕು ಕೆಡುತ್ತದೆ. ಆ ಕೆಟ್ಟ ದಿಕ್ಕನ್ನು ಅಳೆದು, ಅಣುಗಳು ಒಂಟೊಂಟಿಯಾಗಿ ಚೆಲ್ಲಿಲ್ಲ, ಸಣ್ಣ ಸಣ್ಣ ಗುಂಪಿನಲ್ಲಿವೆ ಎಂದು ತೋರಿಸಿದರು. ಕೊಲೆಸ್ಟರಾಲ್ ತೆಗೆದರೆ ಗುಂಪು ಚದುರಿತು. ಮುಂದೆ ಭೌತವಿಜ್ಞಾನಿ ಮದನ್ ರಾವ್ ಜೊತೆಗೂಡಿ, ಪೊರೆಯ ಕೆಳಗಿನ ಆಕ್ಟಿನ್ ಎಂಬ ಎಳೆಗಳ ಚಲನೆಯೂ ಈ ಗುಂಪುಗಳನ್ನು ಕಟ್ಟುತ್ತದೆ, ಬಿಚ್ಚುತ್ತದೆ ಎಂದರು. ಗುಂಪುಗಳು ತೆಪ್ಪದಷ್ಟು ದೊಡ್ಡವೂ ಅಲ್ಲ, ಸ್ಥಿರವೂ ಅಲ್ಲ, ಕೆಲವೇ ಅಣುಗಳ ಕೂಟಗಳು. ಇವರು ನೋಡಿದ್ದು ಶ್ವಾಸನಾಳದ ಸ್ನಾಯುವನ್ನಲ್ಲ. ಆದರೆ ಪೊರೆಗೆ ಪೇಟೆಬೀದಿಗಳಿವೆ ಎಂದು ನಂಬಿ ಮುಂದೆ ಹೋಗಲು ಇಂಥ ಕೆಲಸವೇ ಧೈರ್ಯ ಕೊಟ್ಟದ್ದು.

ಪೇಟೆಗಳಲ್ಲಿ ಒಂದು ಬಗೆಯದಂತೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಕಾಣುತ್ತದೆ. 1953ರಲ್ಲಿ ಜಾರ್ಜ್ ಪಲಾಡೆ ರಕ್ತನಾಳದ ಕೋಶಗಳಲ್ಲಿ, 1955ರಲ್ಲಿ ಯಮಾದಾ ಪಿತ್ತಕೋಶದಲ್ಲಿ, ಪೊರೆ ಒಳಕ್ಕೆ ಗುಳಿಬಿದ್ದ ಪುಟ್ಟ ಹೊಂಡಗಳನ್ನು ಕಂಡರು. ಪುಟ್ಟ ಗವಿ ಎಂಬ ಅರ್ಥದಲ್ಲಿ ಯಮಾದಾ ಅವನ್ನು ಕೇವಿಯೋಲಾ ಎಂದು ಕರೆದರು. ಅಗಲ 60ರಿಂದ 80 ನ್ಯಾನೋಮೀಟರ್. ತಲೆಗೂದಲಿನ ದಪ್ಪಕ್ಕೆ ಅಡ್ಡಲಾಗಿ ಸಾವಿರ ಗವಿಗಳನ್ನು ಸಾಲಿಡಬಹುದು. ನಾನು ಇವನ್ನು ಗವಿ ಎಂದೇ ಕರೆಯುತ್ತೇನೆ. 1992ರಲ್ಲಿ ಈ ಗವಿಗಳ ಗೋಡೆ ಕಟ್ಟುವ ಪ್ರೋಟೀನು ಸಿಕ್ಕಿತು, ಹೆಸರು ಕೇವಿಯೋಲಿನ್. ಅದಕ್ಕೆ ಕೊಲೆಸ್ಟರಾಲ್ ಎಂದರೆ ಪ್ರಾಣ. ಕೊಲೆಸ್ಟರಾಲ್ ಹಿಂತೆಗೆದರೆ ಗವಿ ಚಪ್ಪಟೆಯಾಗಿ ಮಾಯ.

ನುಣುಪು ಸ್ನಾಯುವಿನಲ್ಲಿ ಗವಿಗಳು ಹೇರಳ. ಮೈಯುದ್ದಕ್ಕೂ ಸಾಲುಸಾಲಾಗಿ, ನೇಗಿಲ ಸಾಲಿನ ಹಾಗೆ ಇರುತ್ತವೆ. ಅವುಗಳ ಬೆನ್ನಿಗೇ, ಕೋಶದ ಒಳಗೆ, ಕ್ಯಾಲ್ಸಿಯಂ ತುಂಬಿಟ್ಟುಕೊಂಡ ಕಣಜ ಇದೆ. ಕಣಜದ ಬಾಗಿಲು ತೆರೆದರೆ ಸ್ನಾಯು ಬಿಗಿಯುತ್ತದೆ. ಗವಿಗೂ ಕಣಜಕ್ಕೂ ಇಷ್ಟು ಹತ್ತಿರದ ನೆರೆ ಸುಮ್ಮನೆ ಇರಲಾರದು. 2007ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಆಂಡ್ರ್ಯೂ ಹಲಾಯ್ಕೊ, ರೇನೌಡ್ ಗೋಸೆನ್ಸ್ ಅವರ ತಂಡ ಶ್ವಾಸನಾಳದ ಸ್ನಾಯುವಿನ ಗವಿಗಳನ್ನು ಕೆಡಿಸಿ ನೋಡಿತು. ಅಸಿಟೈಲ್‌ಕೋಲಿನ್ನಿನ ಆಜ್ಞೆಗೆ ಏಳುವ ಕ್ಯಾಲ್ಸಿಯಂ ಕುಗ್ಗಿತು, ಬಿಗಿತವೂ ಕುಗ್ಗಿತು. ಅದೇ ವರ್ಷ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈ. ಎಸ್. ಪ್ರಕಾಶ್ ತಂಡ ಮನುಷ್ಯರ ಸ್ನಾಯುಕೋಶದಲ್ಲಿ ಕೇವಿಯೋಲಿನ್-1 ತಯಾರಾಗದಂತೆ ಮಾಡಿದಾಗಲೂ ಕ್ಯಾಲ್ಸಿಯಂ ಕುಸಿಯಿತು. ಗ್ರಾಹಕ ಇದೆ, ಅಸಿಟೈಲ್‌ಕೋಲಿನ್ ಇದೆ, ಕಣಜ ತುಂಬಿದೆ. ಬೀದಿ ಕೆಟ್ಟಿದೆ, ಆದ್ದರಿಂದ ಆಜ್ಞೆ ಸರಿಯಾಗಿ ತಲುಪುತ್ತಿಲ್ಲ.

ಇದು ಬಿಗಿಯುವ ಆಜ್ಞೆಯ ಕಥೆ. ಅಜ್ಜ ಕೇಳಿದ್ದು ಸಡಿಲಿಸುವ ಮದ್ದಿನ ಬಗ್ಗೆ. ಅದರ ಉತ್ತರ ಇನ್ನೂ ಸ್ವಾರಸ್ಯದ್ದು.

ಅಡಿನೈಲಿಲ್ ಸೈಕ್ಲೇಸ್ ಎಂದು ನಾನು ಏಕವಚನದಲ್ಲಿ ಹೇಳಿದೆ. ನಿಜದಲ್ಲಿ ಪೊರೆಯಲ್ಲಿ ಕೂರುವ ಸೈಕ್ಲೇಸ್‌ಗಳಲ್ಲಿ 9 ನಮೂನೆಗಳಿವೆ, 1ರಿಂದ 9ರವರೆಗೆ ನಂಬರು ಕೊಟ್ಟಿದ್ದಾರೆ. ಎಲ್ಲವೂ ತಯಾರಿಸುವುದು ಅದೇ ಸೈಕ್ಲಿಕ್ ಎಎಂಪಿಯನ್ನು. ಒಂದೇ ಸರಕಿಗೆ ಇಷ್ಟು ಕಾರ್ಖಾನೆ ಏಕೆ? ಅಮೆರಿಕದ ಮೆಂಫಿಸ್‌ನಲ್ಲಿದ್ದ, ಮುಂದೆ ಕ್ಯಾಲಿಫೋರ್ನಿಯಾದ ಚಾಪ್ಮನ್ ವಿಶ್ವವಿದ್ಯಾಲಯಕ್ಕೆ ಹೋದ ರೆನಲ್ಡ್ಸ್ ಆಸ್ಟ್ರಮ್ ಮತ್ತು ಸಂಗಡಿಗರು ಮನುಷ್ಯರ ಶ್ವಾಸನಾಳದ ಸ್ನಾಯುಕೋಶಗಳನ್ನು ಬೆಳೆಸಿ ಇದನ್ನು ಕೇಳಿದರು. 2011ರಲ್ಲಿ ಅವರು ಪ್ರಕಟಿಸಿದಂತೆ, ಈ ಕೋಶಗಳಲ್ಲಿ ಮುಖ್ಯವಾಗಿ 2, 4 ಮತ್ತು 6ನೇ ನಮೂನೆಗಳಿವೆ. 6ನೆಯದು ಇರುವುದು ಕೊಲೆಸ್ಟರಾಲ್ ತುಂಬಿದ, ಕೇವಿಯೋಲಿನ್ ಇರುವ ಪೇಟೆಯಲ್ಲಿ. 2 ಮತ್ತು 4 ಅದರ ಹೊರಗೆ. ನಮ್ಮ ಬೀಟಾ-2 ಗ್ರಾಹಕ, ಅಂದರೆ ಅಜ್ಜನ ಪಂಪಿನ ಮದ್ದು ಮುಟ್ಟುವ ಗ್ರಾಹಕ, 6ನೆಯದರ ಪಕ್ಕದ ಮನೆ. ಪ್ರೊಸ್ಟಾಗ್ಲಾಂಡಿನ್ ಇ2 ಎಂಬ, ದೇಹವೇ ತಯಾರಿಸುವ ಇನ್ನೊಂದು ಸಂದೇಶಕ್ಕೆ ಇರುವ ಗ್ರಾಹಕ ಮಾತ್ರ ಹೊರಪೇಟೆಯಲ್ಲಿ, 2ನೆಯದರ ಜೊತೆ.

ಈಗ ಇವರು ಮಾಡಿದ ಪ್ರಯೋಗ ಕೇಳಿ. ಕೆಲವು ಕೋಶಗಳಲ್ಲಿ 6ನೇ ನಮೂನೆಯನ್ನು ಹೆಚ್ಚಿಸಿದರು, ಕೆಲವಲ್ಲಿ 2ನೆಯದನ್ನು. ಆಮೇಲೆ ಎರಡನ್ನೂ ಎಬ್ಬಿಸಿದರು. 6ನೆಯದು ಹೆಚ್ಚಿದ್ದ ಕೋಶಗಳು ಬೀಟಾ ಜಾತಿಯ ಮದ್ದಿಗೆ ತಮ್ಮ ಆಕಾರವನ್ನೇ ಬಿಟ್ಟುಕೊಟ್ಟವು. ನೀಳ ಕೋಶ ಕುಗ್ಗಿ, ಕೊಂಬೆ ಚಾಚಿದ ಮರದ ಹಾಗಾಯಿತು. ಒಳಗಿನ ಬಿಗಿ ಎಳೆಗಳು ಸಡಿಲಗೊಂಡಾಗ ತಟ್ಟೆಯಲ್ಲಿನ ಕೋಶ ಹೀಗೆ ಕಾಣುತ್ತದೆ. 2ನೆಯದು ಹೆಚ್ಚಿದ್ದ ಕೋಶಗಳಲ್ಲಿ ಬೇರೆಯದೇ ಒಂದು ನಡೆಯಿತು. ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕದ ತಯಾರಿ ಏರಿತು. 6ನೆಯದನ್ನು ಹೆಚ್ಚಿಸಿದ ಕೋಶಗಳಲ್ಲಿ ಅದು ಏರಲಿಲ್ಲ. ಎರಡೂ ಕಡೆ ಹುಟ್ಟಿದ್ದು ಅದೇ ಸೈಕ್ಲಿಕ್ ಎಎಂಪಿ ಎಂಬುದನ್ನು ಮರೆಯಬೇಡಿ. ಒಂದು ಪೇಟೆಯಲ್ಲಿ ಹುಟ್ಟಿ ಸ್ನಾಯುವಿಗೆ ಸಡಿಲಾಗು ಎಂದಿತು. ಇನ್ನೊಂದು ಪೇಟೆಯಲ್ಲಿ ಹುಟ್ಟಿ ಕೋಶಕೇಂದ್ರಕ್ಕೆ ಹೋಗಿ ವಂಶವಾಹಿಯ ಬಾಗಿಲು ತಟ್ಟಿತು.

ಸಣ್ಣ ಅಣು ಯಾಕೆ ಕೋಶದ ತುಂಬ ಹರಡಿ ಎರಡೂ ಕೆಲಸ ಮಾಡುವುದಿಲ್ಲ ಎಂದು ನೀವು ಕೇಳಬಹುದು. ಹರಡಲು ಬಿಡುವುದಿಲ್ಲ, ಅದಕ್ಕೆ ಕಾವಲಿನವರಿದ್ದಾರೆ. ಫಾಸ್ಫೊಡೈಎಸ್ಟರೇಸ್ ಎಂಬ ಕಿಣ್ವಗಳು ಪೇಟೆಯ ಗಡಿಗಳಲ್ಲಿ ನಿಂತು, ದಾರಿ ತಪ್ಪಿ ಬಂದ ಸೈಕ್ಲಿಕ್ ಎಎಂಪಿಯನ್ನು ಮುರಿದುಹಾಕುತ್ತವೆ. ಹೊಳೆಯುವ ಸಂವೇದಕಗಳನ್ನು ಕೋಶದೊಳಗೆ ಬೇರೆ ಬೇರೆ ಪೇಟೆಯಲ್ಲಿ ನಿಲ್ಲಿಸಿ, ಎಲ್ಲಿ ಎಷ್ಟು ಸೈಕ್ಲಿಕ್ ಎಎಂಪಿ ಏರಿತು ಎಂದು ಈಗ ನೇರವಾಗಿ ನೋಡುತ್ತಾರೆ. ಅಜ್ಜಿಯ ಡಿಕಾಕ್ಷನ್ನಿಗೂ ಈ ಕಾವಲುಗಾರರಿಗೂ ನೆಂಟಸ್ತಿಕೆ ಇದೆ. ಕೆಫೀನ್ ಮತ್ತು ಅದರ ಸೋದರ ಥಿಯೋಫಿಲಿನ್ ಈ ಕಿಣ್ವಗಳನ್ನು ಒಂದಿಷ್ಟು ತಡೆಯುತ್ತವೆ, ಇನ್ನೊಂದು ಗ್ರಾಹಕವನ್ನೂ ಅಡ್ಡಗಟ್ಟುತ್ತವೆ. ನಮ್ಮಲ್ಲಿ ಮನೆಮಾತಾಗಿರುವ ಡೆರಿಫಿಲಿನ್ ಮಾತ್ರೆಯಲ್ಲಿರುವುದು ಥಿಯೋಫಿಲಿನ್ ಬಳಗವೇ. ಕಾಫಿಯ ಶಕ್ತಿ ದುರ್ಬಲ. ಪಂಪ್ ಇರುವಾಗ ಯಾರೂ ಡಿಕಾಕ್ಷನ್ ನಂಬಿ ಕೂರಬಾರದು.

ಪೊರೆಯ ಸಂಗತಿ ಮದ್ದಿನ ತಯಾರಿಕೆಗೂ ಸೋಕಿದೆ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಡೇವಿಡ್ ಜ್ಯಾಕ್ ಮುಂದಾಳತ್ವದಲ್ಲಿ ಬಂದ ಸಾಲ್ಬುಟಮಾಲ್, ನಮ್ಮಲ್ಲಿ ಅಸ್ತಾಲಿನ್ ಎಂಬ ಹೆಸರಿನಿಂದ ಪರಿಚಿತ, ನಾಲ್ಕಾರು ಗಂಟೆ ಕೆಲಸ ಮಾಡಿ ಹೊರಟುಹೋಗುತ್ತದೆ. ಅದೇ ಅಣುವಿಗೆ ಕೊಬ್ಬನ್ನು ಮೆಚ್ಚುವ ಉದ್ದನೆಯ ಬಾಲವೊಂದನ್ನು ಜೋಡಿಸಿ ಸಾಲ್ಮೆಟರಾಲ್ ಮಾಡಿದರು. ಬಾಲ ಪೊರೆಯ ಕೊಬ್ಬಿನಲ್ಲಿ ಹುದುಗಿಕೊಳ್ಳುತ್ತದೆ, ಮದ್ದು ಗ್ರಾಹಕದ ಪಕ್ಕದಲ್ಲೇ ಬಿಡಾರ ಹೂಡುತ್ತದೆ. 12 ಗಂಟೆ ಕೆಲಸ. ಹಾಗಾಗಿ, ಪೊರೆ ಎಂದರೆ ಬರೀ ಎರಡು ಗೆರೆ ಎಂದುಕೊಂಡಿದ್ದ ನಮ್ಮ ಪುಸ್ತಕಗಳಿಗಿಂತ ಔಷಧಿ ತಯಾರಿಸುವವರು ಪೊರೆಯನ್ನು ಹೆಚ್ಚು ಗೌರವಿಸಿದ್ದರು ಎನ್ನಬೇಕು.

ಆದರೆ ಸ್ನಾಯು ಸಡಿಲಾದ ಮಾತ್ರಕ್ಕೆ ಉಬ್ಬಸ ಮುಗಿಯುವುದಿಲ್ಲ. ಕೊಳವೆಯ ಒಳಗೋಡೆ ಊದಿಕೊಂಡು ಉರಿಯುತ್ತಲೇ ಇರುತ್ತದೆ. ಅದಕ್ಕೆ ಸ್ಟೀರಾಯ್ಡ್ ಪಂಪ್ ಬೇಕು. ಗೀನಾ ಎಂದು ಕರೆಯುವ ಅಂತರರಾಷ್ಟ್ರೀಯ ಮಾರ್ಗದರ್ಶಿ 2019ರಿಂದ, ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್‌ನಂಥದ್ದನ್ನು ಒಂಟಿಯಾಗಿ ಕೊಡಬಾರದು, ಜೊತೆಗೆ ಸ್ಟೀರಾಯ್ಡ್ ಇರಬೇಕು ಎನ್ನುತ್ತಿದೆ. ನಮ್ಮ ಊರುಗಳಲ್ಲಿ ಇನ್ನೂ ನೀಲಿ ಪಂಪ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ತಿರುಗುವವರಿದ್ದಾರೆ. ಪಂಪ್ ಹಿಡಿದರೆ ಬಿಡಲಾಗದು, ಚಟವಾಗುತ್ತದೆ ಎಂದು ಹೆದರಿ ಮಾತ್ರೆಗೆ ಓಡುವವರೂ ಇದ್ದಾರೆ. ಎರಡೂ ತಪ್ಪು. ನಿಮ್ಮ ವೈದ್ಯರನ್ನು ಕೇಳಿ.

ಒಂದು ಕಹಿ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. 2010ರಲ್ಲಿ ಬಾಲ್ಟಿಮೋರಿನ ದೀಪಕ್ ದೇಶಪಾಂಡೆ, ಸ್ಟೀಫನ್ ಲಿಗೆಟ್ ಮತ್ತು ಸಂಗಡಿಗರು ಶ್ವಾಸನಾಳದ ಸ್ನಾಯುವಿನ ಪೊರೆಯಲ್ಲಿ ನಾಲಗೆಯ ಕಹಿ ಗ್ರಾಹಕಗಳನ್ನು ಕಂಡುಹಿಡಿದರು. ಕ್ವಿನೈನ್, ಕ್ಲೋರೋಕ್ವಿನ್‌ನಂಥ ಕಹಿ ಪದಾರ್ಥ ಹನಿಸಿದಾಗ ಕೋಶದಲ್ಲಿ ಕ್ಯಾಲ್ಸಿಯಂ ಎದ್ದಿತು. ಕ್ಯಾಲ್ಸಿಯಂ ಎದ್ದರೆ ಸ್ನಾಯು ಬಿಗಿಯಬೇಕು ಎಂಬುದು ಪಾಠ. ಸ್ನಾಯು ಚೆನ್ನಾಗಿ ಸಡಿಲಾಯಿತು. ಯಾಕೆಂದರೆ ಆ ಕ್ಯಾಲ್ಸಿಯಂ ಏಳುವುದು ಪೊರೆಯ ಪಕ್ಕದ ಸಣ್ಣ ಜಾಗದಲ್ಲಿ ಮಾತ್ರ ಎಂದು ಅವರು ವಾದಿಸಿದರು. ಸಡಿಲಾಗುವ ಬಗೆಯ ಕುರಿತು ಬೇರೆ ಪ್ರಯೋಗಶಾಲೆಗಳು ಬೇರೆ ವಿವರಣೆ ಕೊಟ್ಟಿವೆ, ಜಗಳ ನಡೆದಿದೆ. ಇದನ್ನು ಕೇಳಿ ಯಾರಾದರೂ ಹಾಗಲಕಾಯಿ ರಸ ಕುಡಿಯಲು ಹೊರಟರೆ, ದಯವಿಟ್ಟು ಬೇಡ. ಮದ್ದು ಆ ಸ್ನಾಯುವನ್ನು ಮುಟ್ಟಬೇಕು, ಹೊಟ್ಟೆಯನ್ನಲ್ಲ.

ಇಷ್ಟೆಲ್ಲ ಗೊತ್ತಾದದ್ದು ಹೆಚ್ಚಾಗಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ. ತಟ್ಟೆಯಲ್ಲಿನ ಕೋಶ ಅಲುಗಾಡುವುದಿಲ್ಲ. ಎದೆಯಲ್ಲಿರುವ ಕೋಶ ಹುಟ್ಟಿದಾಗಿನಿಂದ ನಿಮಿಷಕ್ಕೆ ಕಡಿಮೆಯೆಂದರೂ ಹತ್ತು ಹದಿನೈದು ಸಲ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯವರು 2011ರಲ್ಲಿ ತೋರಿಸಿದಂತೆ, ಕೋಶವನ್ನು ಎಳೆದು ಹಿಗ್ಗಿಸಿದರೆ ಗವಿಗಳು ಚಪ್ಪಟೆಯಾಗಿ ಪೊರೆಗೆ ಹೆಚ್ಚುವರಿ ಬಟ್ಟೆ ಒದಗಿಸುತ್ತವೆ, ಲಂಗಕ್ಕೆ ನೆರಿಗೆ ಬಿಚ್ಚಿದ ಹಾಗೆ. ಎಳೆತ ನಿಂತರೆ ಗವಿಗಳು ಮತ್ತೆ ಕಟ್ಟಿಕೊಳ್ಳುತ್ತವೆ. ಇನ್ನೊಂದು ಹಳೆಯ ಸಂಗತಿ: ಆರೋಗ್ಯವಂತರು ಆಳವಾಗಿ ಉಸಿರೆಳೆದರೆ ಬಿಗಿದ ಶ್ವಾಸನಾಳ ಸಡಿಲಾಗುತ್ತದೆ. ಉಬ್ಬಸದವರಲ್ಲಿ ಆ ಸಡಿಲಿಕೆ ಕೈಕೊಡುತ್ತದೆ. ಈ ಎರಡು ಸಂಗತಿಗಳನ್ನು ಒಂದೇ ದಾರದಲ್ಲಿ ಪೋಣಿಸುವ ಪ್ರಯೋಗ ಯಾರಾದರೂ ಚೆಂದವಾಗಿ ಮಾಡಿದರೆ ಓದಲು ನಾನು ಕಾದಿದ್ದೇನೆ.

ಪಂಪ್ ಎಳೆದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು, ಮದ್ದಿನ ಸಣ್ಣ ಕಣಗಳು ಕೊಳವೆಯ ಗೋಡೆಯ ಮೇಲೆ ಕೂರಲು ಅಷ್ಟು ಹೊತ್ತು ಬೇಕು ಎಂದು ಡಾಕ್ಟರು ಅಜ್ಜನಿಗೆ ಹೇಳಿದ್ದರು. ಎಣಿಸುವ ಕೆಲಸ ನನ್ನದು. ಲಾಂದ್ರದ ಬೆಳಕಿನಲ್ಲಿ ನಾನು ಒಂದು, ಎರಡು, ಮೂರು ಎನ್ನುವೆ. ಅಜ್ಜ ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುವರು. ಎಂಟರವರೆಗೆ ಬರುವಷ್ಟರಲ್ಲಿ ಅವರಿಗೆ ನಗು ಬರುತ್ತಿತ್ತು, ಒಂಬತ್ತಕ್ಕೆ ಬಿಟ್ಟುಬಿಡುವರು. ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತಿತ್ತು.